ಚಿಲಕ ತೆಗೆಯುವ ಹೊತ್ತು

ಬೆಳಗಿನ ಆರೂಕಾಲಿಗೆ ಹಿತ್ತಿಲ ಬಾಗಿಲು ತೆರೆದರೆ ಮೊದಲು ಕಿವಿಗೆ ಬೀಳುವುದು ಗೂಡಿನೊಳಗಿನ ಸಣ್ಣ ಗೊಣಗಾಟ. ಆ ಸದ್ದು ಕೇಳಿದ ಮೇಲೇ ನನ್ನ ಉಸಿರು ಸಲೀಸಾಗುವುದು. ಚಿಲಕ ತೆಗೆಯುತ್ತೇನೆ. ಹುಂಜ ಮೊದಲು ಇಳಿದು ಮೈ ಕೊಡವುತ್ತದೆ, ಹಿಂದೆ ಹ್ಯಾಟೆಗಳು ಒಂದೊಂದಾಗಿ. ಏಳೂ ಹೊರಬರುವ ತನಕ ಎಣಿಸುತ್ತಾ ನಿಲ್ಲುತ್ತೇನೆ.

ಹೋದ ವರ್ಷದವರೆಗೆ ಎಂಟು ಇದ್ದವು. ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ, ಕರೆಂಟೂ ಇರಲಿಲ್ಲ, ಗೂಡಿನ ಬಾಗಿಲು ದೂಡಿ ಚಿಲಕ ಹಾಕದೆ ಒಳಗೋಡಿ ಬಂದಿದ್ದೆ. ಬೆಳಗ್ಗೆ ಬಾಗಿಲು ಒಂದು ಗೇಣು ತೆರೆದಿತ್ತು. ಕಂದು ಹ್ಯಾಟೆ ನೆಲದ ಮೇಲೆ ಬಿದ್ದಿತ್ತು, ಕತ್ತಿನ ಬುಡದಲ್ಲಿ ಹಲ್ಲಿನ ಗುರುತು. ಉಳಿದವು ಮೇಲಿನ ಗಳದ ಮೇಲೆ ಗೋಡೆಗೊತ್ತಿ ಕೂತಿದ್ದವು, ಒಂದೂ ಸದ್ದಿಲ್ಲ. ಎತ್ತಿಕೊಂಡಾಗ ಅದರ ರೆಕ್ಕೆಯ ಅಡಿ ಇನ್ನೂ ಬೆಚ್ಚಗಿತ್ತು.

‘ಮುಂಗುಸಿ ಕೆಲಸ, ವಿಷ ಇಟ್ಬಿಡಿ’ ಎಂದರು ಪಕ್ಕದ ಮನೆಯವರು. ಆದರೆ ಮುಂಗುಸಿ ಹಗಲು ಓಡಾಡುವ ಪ್ರಾಣಿ. ಕಾಂಪೌಂಡ್ ಮೇಲಿನ ಕೆಸರು ಹೆಜ್ಜೆ ನೋಡಿದರೆ ಯಾವುದೋ ಹಂಚಿನ ಮನೆಯ ಅಟ್ಟದಲ್ಲಿರುವ ಪುನುಗು ಬೆಕ್ಕು ಬಂದಿರಬೇಕು. ಯಾವುದೇ ಬಂದಿರಲಿ, ವಿಷದ ಮಾತು ನನಗೆ ಒಗ್ಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಈ ಎರಡನ್ನೂ ಕಾಯುತ್ತದೆ. ಅದಿರಲಿ, ಮೈಸೂರಿನ ಅಂಚಿನ ನಮ್ಮ ಈ ಬಡಾವಣೆ ಮೊನ್ನೆ ಮೊನ್ನೆಯವರೆಗೂ ಹೊಲ, ಕತ್ತಾಳೆ ಬೇಲಿ, ಹುತ್ತ. ಅವು ತಮ್ಮ ಹಳೆಯ ದಾರಿಯಲ್ಲೇ ನಡೆಯುತ್ತಿವೆ, ಆ ದಾರಿಯ ಮೇಲೆ ನಾವು ಮನೆ ಕಟ್ಟಿದ್ದೇವೆ. ಹಸಿದದ್ದು ಬಂದು ಕೊಂದು ಹೋಯಿತು. ಬಾಗಿಲು ಮಾತ್ರ ನನ್ನದಾಗಿತ್ತು.

ಆ ವಾರವೇ ಗೂಡನ್ನು ಹೊಸದಾಗಿ ಕಟ್ಟಿಸಿದೆ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಟ್ಟೀತು, ನಾಯಿಯನ್ನು ಹೊರಗಿಡಲಾರದು. ಅದನ್ನು ಕಿತ್ತು ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಹೊಡೆಸಿದೆ. ಬುಡದಲ್ಲಿ ಒಂದಡಿ ಆಳಕ್ಕೆ ಹೂತು ತುದಿಯನ್ನು ಹೊರಕ್ಕೆ ಬಾಗಿಸಿದೆವು. ಕೆರೆಯುವ ಪ್ರಾಣಿ ಗೋಡೆಯ ಬುಡಕ್ಕೇ ಕಾಲಿಡುತ್ತದೆ, ಅಲ್ಲಿ ಉಗುರಿಗೆ ತಂತಿ ಸಿಕ್ಕಬೇಕು. ಸಂಜೆ ಚೆಲ್ಲಿದ ಕಾಳನ್ನು ಗುಡಿಸಿ ತೆಗೆಯುತ್ತೇನೆ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಕೇರೆ, ನಾಗರ. ಬಂದ ನಾಗರ ಮೊಟ್ಟೆಯನ್ನೂ ಬಿಡುವುದಿಲ್ಲ.

ಹಗಲಿನ ಭಯ ಬೇರೆ ಥರದ್ದು, ಅದು ಆಕಾಶದಿಂದ ಬರುತ್ತದೆ. ಅದಕ್ಕೆ ನಾನು ಕಂಡುಕೊಂಡ ಒಳ್ಳೆಯ ಕಾವಲೆಂದರೆ ಕರಿಬೇವಿನ ಪೊದೆ. ಕೋಳಿಯ ಮೂಲ ಕಾಡುಕೋಳಿ, ಪೊದೆಯ ಅಡಿ ಬದುಕಿದ ಹಕ್ಕಿ. ಗುಡಿಸಿ ಸಿಮೆಂಟು ಹಾಕಿದ ಅಂಗಳ ನಮಗೆ ಚೊಕ್ಕಟ, ಕೋಳಿಗೆ ಅಡಗಲು ಜಾಗವಿಲ್ಲದ ಬಯಲು. ಮಲ್ಲಿಗೆಯ ಪೊದೆ, ಬಾಳೆಯ ಹಿಂಡು ಹಬ್ಬಿಕೊಂಡಷ್ಟೂ ಅದರ ನಡಿಗೆ ನಿರಾಳವಾಗುವುದನ್ನು ನೋಡಿದ್ದೇನೆ.

ಕೋಳಿಯ ಭಾಷೆಯೂ ಆಗಲೇ ತಿಳಿದದ್ದು. ಹದ್ದಿಗೆ ಒಂದು ಕೂಗು, ನಾಯಿಗೆ ಇನ್ನೊಂದು. ಮೇಲಿನ ಅಪಾಯಕ್ಕೆ ಎಳೆದ ಸಣ್ಣ ಕಿರುಚು, ನೆಲದ ಅಪಾಯಕ್ಕೆ ಕಟಕಟನೆ ಬಿಡದ ಕೂಗು. ಕ್ರಿಸ್ಟೋಫರ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತವರ ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಂಜದ ಈ ಕೂಗುಗಳ ಧ್ವನಿಮುದ್ರಣವನ್ನಷ್ಟೇ ಹ್ಯಾಟೆಗಳಿಗೆ ಕೇಳಿಸಿದ್ದರು. ಹದ್ದಿಲ್ಲ, ನಾಯಿಯಿಲ್ಲ. ಆದರೂ ಮೊದಲ ಕೂಗಿಗೆ ಅವು ಮರೆಗೆ ಓಡಿದವು, ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತ ನೋಡಿದವು.

ಬೆಳಕಿರುವಷ್ಟು ಹೊತ್ತು ಕೋಳಿ ಇಷ್ಟು ಬಲ್ಲದು. ಕತ್ತಲಾದರೆ ಕಣ್ಣೇ ಕಾಣದು. ಹೊತ್ತು ಮುಳುಗುವಾಗ ಯಾರೂ ಕರೆಯದೆ ತಾನಾಗಿ ಗೂಡು ಹತ್ತಿ ಕೂರುತ್ತದೆ. ಮುಂದಿನ ಹನ್ನೆರಡು ಗಂಟೆ ಅದು ನಮಗೆ ಒಪ್ಪಿಸಿದ್ದು. ನಮ್ಮಜ್ಜಿಗೆ ಇದು ಗೊತ್ತಿತ್ತು. ಪಿಳ್ಳೆಗಳ ಮೇಲೆ ಮಕ್ಕರಿ ಕವುಚಿ, ಅದರ ಮೇಲೊಂದು ಕಲ್ಲು ಹೇರಿ, ‘ಎಲ್ಲಾ ಬಂದ್ವೇನವ್ವ?’ ಎಂದು ಕೇಳುತ್ತಿದ್ದಳು. ಮಕ್ಕಳನ್ನೋ ಕೋಳಿಗಳನ್ನೋ ಎಂದು ನಾವು ಯಾವತ್ತೂ ತಿರುಗಿ ಕೇಳಲಿಲ್ಲ. ‘ಬಂದ್ವಜ್ಜಿ’ ಎಂದ ಮೇಲೆಯೇ ಅವಳು ದೀಪ ಸಣ್ಣ ಮಾಡುತ್ತಿದ್ದುದು.

ಇವತ್ತು ಕಾಳಿನ ಬಟ್ಟಲು ಹಿಡಿದು ನಿಂತಿದ್ದೆ. ಹುಂಜ ಒಂದು ಕಣ್ಣನ್ನು ಮೇಲಕ್ಕೆ ಹೊರಳಿಸಿತು. ಆ ಸಣ್ಣ ಕಿರುಚು. ನಾನು ತಲೆಯೆತ್ತುವಷ್ಟರಲ್ಲಿ ಅಂಗಳ ಖಾಲಿ, ಕರಿಬೇವಿನ ಬುಡದಲ್ಲಿ ಆರು ಬೆನ್ನುಗಳು. ಹದ್ದಿನ ನೆರಳು ಬಟ್ಟೆ ಒಗೆಯುವ ಕಲ್ಲನ್ನು ದಾಟಿ ಮಟನ್ ಅಂಗಡಿಯ ದಿಕ್ಕಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಿಳಿ ಹ್ಯಾಟೆ ಹೊರಬಂದು, ಮೈ ಕೊಡವಿ, ಮಣ್ಣು ಕೆದಕತೊಡಗಿತು. ನಾನು ಮತ್ತೆ ಒಂದರಿಂದ ಎಣಿಸಿದೆ.