ಕೂರಿಗೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ಜನರ ಮನಸ್ಸಿಗೆ ದೇವಾಲಯ, ಕೆರೆ, ಮಂಟಪಗಳು ಹೊಳೆಯುವುವೇ ಹೊರತು ಬೇಸಾಯದ ಮುಟ್ಟುಗಳು ಹೊಳೆಯುವುದಿಲ್ಲ. ಆದರೆ ಶಿಥಿಲವಾದುದನ್ನು ಮತ್ತೆ ನೆಟ್ಟಗೆ ಮಾಡುವ ಕಾರ್ಯದಲ್ಲಿ ಅಡಗಿರುವ ಧರ್ಮಸೂಕ್ಷ್ಮವು ಗೋಪುರಕ್ಕೆ ಎಷ್ಟೋ ಕೂರಿಗೆಗೂ ಅಷ್ಟೇ ಇರುವುದು.

ದೃಷ್ಟಾಂತಕ್ಕಾಗಿ ಎರೆಭೂಮಿಯ ಸೀಮೆಯ ಒಂದು ಒಕ್ಕಲು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅವರ ವೃದ್ಧಳಾದ ತಾಯಿ. ಹೊಲಕ್ಕೆ ಟ್ರಾಕ್ಟರು ಬಂದಮೇಲೆ ಅಟ್ಟವನ್ನೇರಿದ್ದ ನಾಲ್ಕು ತಾಳಿನ ಕೂರಿಗೆಯೊಂದು ಮನೆಯ ದುರಸ್ತಿಯ ಕಾಲದಲ್ಲಿ ಕೆಳಕ್ಕಿಳಿಯುತ್ತದೆ. ಅದು ಅವರ ಅಜ್ಜನು ಮಾಡಿಸಿದ್ದು. ಜಾಲಿಯ ದಿಂಡು ಗಟ್ಟಿಯಾಗಿದ್ದರೂ ಒಂದು ತುದಿಯಲ್ಲಿ ಸೀಳಿದೆ. ಎರಡು ತಾಳುಗಳನ್ನು ಗೆದ್ದಲು ತಿಂದಿದೆ. ಬಿದಿರಿನ ಕೊಳವೆಗಳು ಕುಟ್ಟೆ ಹಿಡಿದು ಮುಟ್ಟಿದರೆ ಪುಡಿಯಾಗುತ್ತವೆ. ಬೀಜ ಬಿಡುವ ಬಟ್ಟಲಿನ ಅಂಚು ಮಾತ್ರ ಕೈ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿದೆ. ಇದನ್ನು ಇದ್ದಂತೆಯೇ ಒರಸಿ, ಅಗಸೆಯೆಣ್ಣೆ ಬಳಿದು ಪಡಸಾಲೆಯಲ್ಲಿರಿಸಬೇಕು, ಒಂದು ಚಕ್ಕೆಯನ್ನು ಬದಲಾಯಿಸಿದರೂ ಅದು ಅಜ್ಜನ ಕೂರಿಗೆಯಾಗಿ ಉಳಿಯದು ಎಂಬುದು ಅಣ್ಣನ ಮತ. ಕೆಟ್ಟುದೆಲ್ಲವನ್ನೂ ತೆಗೆಯಿಸಿ ಹೊಸದನ್ನು ಹಾಕಿಸಿ, ಹಿಂಗಾರಿನ ಜೋಳಕ್ಕೆ ಒಂದು ಸಾರಿಯಾದರೂ ಹೊಲಕ್ಕಿಳಿಸಬೇಕು, ಬಿತ್ತದ ಕೂರಿಗೆಯು ಕೂರಿಗೆಯೇ ಅಲ್ಲ ಎಂಬುದು ತಮ್ಮನ ಮತ. ಇಬ್ಬರ ಮಾತಿನ ಮೂಲವೂ ಅಜ್ಜನ ಮೇಲಣ ಗೌರವವೇ. ಹೀಗಿರಲಾಗಿ ಯಾರ ಪಕ್ಷವು ಯುಕ್ತವಾದುದು?

ವಿಷಯವು ಅಲ್ಪವೆಂದು ತಿಳಿಯತಕ್ಕದ್ದಲ್ಲ. ಬಟ್ಟಲಿಗೆ ಬಿದ್ದ ಕಾಳುಗಳನ್ನು ಕೊಳವೆಗಳ ಮೂಲಕ ಹಂಚಿ, ತಾಳುಗಳು ಸೀಳಿದ ಮಣ್ಣಿನಲ್ಲಿ ಒಂದೇ ಆಳಕ್ಕೆ, ಒಂದೇ ಅಂತರಕ್ಕೆ ಇಳಿಸುವ ಈ ಸಾಧನವು ನಾಡಿನ ರೈತನ ಬುದ್ಧಿಗೆ ಸಾಕ್ಷಿಯಾಗಿದೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕೂರಿಗೆಯನ್ನು ಹೆಸರಿಟ್ಟು ವರ್ಣಿಸಿದ್ದಾನೆ. ಅದಕ್ಕೂ ಮೊದಲು, 1795ರಲ್ಲಿ, ಹಾಲ್ಕಾಟ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ದಕ್ಷಿಣದೇಶದ ಹೊಲವೊಂದರಲ್ಲಿ ಇಂತಹ ಸಾಧನವನ್ನು ಕಂಡು ಬೆರಗಾದನು. ಸಾಲುಬಿತ್ತನೆಯ ಯಂತ್ರವು ಯೂರೋಪಿನ ಹೊಸ ಕಲ್ಪನೆಯೆಂದೇ ಅವನು ಅದುವರೆಗೆ ನಂಬಿದ್ದನಂತೆ.

ಇನ್ನು ಪ್ರಕೃತವಿಚಾರ. ಅಂಗಗಳು ಬದಲಾದ ವಸ್ತುವು ಅದೇ ವಸ್ತುವೋ ಬೇರೆಯೋ ಎಂಬ ಪ್ರಶ್ನೆಯು ಬಲು ಹಳೆಯದು. ಆಥೆನ್ಸಿನ ಜನರು ಥೀಸಿಯಸನ ಹಡಗನ್ನು ಕೊಳೆತ ಹಲಗೆಗಳನ್ನು ತೆಗೆದು ಹೊಸವನ್ನು ಹಾಕುತ್ತ ಕಾಪಾಡಿದರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ವಾದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ದೇಶದ ನ್ಯಾಯವೈಶೇಷಿಕರು ಇನ್ನೂ ಕಠಿನವಾಗಿ ಹೇಳುವರು. ಅವಯವಿಯು ಅವಯವಗಳಿಗಿಂತ ಬೇರೆ. ಆದರೆ ಬಟ್ಟೆಯಿಂದ ಕೆಲವು ನೂಲುಗಳು ಹೋದರೆ ಹಳೆಯ ಬಟ್ಟೆಯು ನಾಶವಾಗಿ ಖಂಡಪಟವೆಂಬ ಬೇರೊಂದು ಬಟ್ಟೆಯೇ ಹುಟ್ಟಿತೆಂದು ಅವರ ಸಿದ್ಧಾಂತ. ಅಣ್ಣನಿಗೆ ಈ ಮತವು ಅನುಕೂಲವೆಂದು ಮೇಲ್ನೋಟಕ್ಕೆ ತೋರಬಹುದು. ಹಾಗಲ್ಲ. ಅವಯವನಾಶದಿಂದ ಅವಯವಿಯ ನಾಶವೆಂದಮೇಲೆ ಅಜ್ಜನ ಕೂರಿಗೆಯನ್ನು ಗೆದ್ದಲು ಎಂದೋ ಮುಗಿಸಿಬಿಟ್ಟಿತು. ಪಡಸಾಲೆಯಲ್ಲಿ ಇರಿಸುವುದು ಯಾವುದನ್ನು?

ಇದಕ್ಕೆ ಪ್ರತಿಯಾಗಿ, ನಾಗಸೇನನೆಂಬ ಭಿಕ್ಷುವು ಮಿಲಿಂದ ಮಹಾರಾಜನಿಗೆ ರಥದ ದೃಷ್ಟಾಂತವನ್ನು ಹೇಳಿದನು. ಚಕ್ರವು ರಥವಲ್ಲ, ಅಚ್ಚು ರಥವಲ್ಲ, ನೊಗವೂ ರಥವಲ್ಲ. ಇವೆಲ್ಲ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥ. ತಮ್ಮನು ಇದನ್ನು ಹಿಡಿದು, ಎಲ್ಲವನ್ನೂ ಬದಲಾಯಿಸಿದರೂ ದೋಷವಿಲ್ಲವೆನ್ನಬಹುದು. ಆದರೆ ಹೆಸರೊಂದೇ ಸಾಕಾದರೆ ಈ ಮುರುಕನ್ನೇ ಏಕೆ ದುರಸ್ತಿ ಮಾಡಬೇಕು? ಸಂತೆಯಿಂದ ಹೊಸ ಕೂರಿಗೆಯನ್ನು ತಂದರಾಯಿತು. ಹೀಗೆ ಅಣ್ಣನ ಮತವು ಅಣ್ಣನನ್ನೂ ತಮ್ಮನ ಮತವು ತಮ್ಮನನ್ನೂ ಕಾಯದೆ ಹೋಗುತ್ತದೆ.

ಇಲ್ಲಿ ಪಂಡಿತರಿಗಿಂತ ಬಡಗಿಯನ್ನು ಕೇಳುವುದು ಒಳ್ಳೆಯದು. ಕೂರಿಗೆಯು ಎದುರಿಗೆ ಬಂದೊಡನೆ ಬಲ್ಲ ಬಡಗಿಯು ಮರವನ್ನು ನೋಡುವುದಕ್ಕಿಂತ ಮುಂಚೆ ದಿಂಡಿನ ತೂತಿನಿಂದ ತೂತಿಗೆ ಇರುವ ಅಂತರವನ್ನು ಅಳೆಯುತ್ತಾನೆ. ಏಕೆಂದರೆ ಬೆಳೆಯ ಸಾಲುಗಳ ನಡುವೆ ಮುಂದೆ ಆಡಬೇಕಾದ ಎಡೆಕುಂಟೆಯು ಆ ಅಂತರಕ್ಕೆ ಹೊಂದಿಕೊಂಡೇ ಇರಬೇಕು. ಅಂತರವು ಎರಡು ಬೆರಳಿನಷ್ಟು ತಪ್ಪಿದರೂ ಕಳೆಯನ್ನು ತೆಗೆಯಬೇಕಾದ ಕುಂಟೆಯು ಪೈರನ್ನೇ ಕೊಯ್ದುಬಿಡುವುದು. ಆ ನೆಲದ ಹಸಿ, ಆ ಬೆಳೆಯ ಹರವು, ಆ ಸೀಮೆಯ ಮಳೆ, ಇವುಗಳನ್ನು ತಲೆತಲಾಂತರಗಳಿಂದ ನೋಡಿ ನೋಡಿ ನಿಶ್ಚಯಿಸಿದ ಅಳತೆಯದು. ಅದು ಮರವೂ ಅಲ್ಲ, ಬರಿಯ ಹೆಸರೂ ಅಲ್ಲ. ಅಜ್ಜನು ಬಿಟ್ಟುಹೋದ ನಿಜವಾದ ಆಸ್ತಿಯು ತೂತುಗಳ ನಡುವಣ ಆ ಅಳತೆಯೇ. ಆದಕಾರಣ ಅಣ್ಣನ ಎಚ್ಚರವು ವ್ಯರ್ಥವಲ್ಲ; ಹಳೆಯ ದಿಂಡನ್ನು ಒಲೆಗೆ ಹಾಕಿದರೆ ಅಳತೆಯೂ ಅದರೊಡನೆ ಬೂದಿಯಾಗುವುದು. ತಮ್ಮನ ಆಶೆಯೂ ವ್ಯರ್ಥವಲ್ಲ. ಅಳತೆಯ ಸತ್ಯವು ಹೊಲದಲ್ಲಿ ಮಾತ್ರವೇ ಪರೀಕ್ಷೆಗೆ ನಿಲ್ಲುವುದು.

ಆದುದರಿಂದ ದಿಂಡಿನ ಸೀಳಿಗೆ ಕಬ್ಬಿಣದ ಪಟ್ಟಿಯನ್ನು ಬಿಗಿದು ಅದನ್ನೇ ಉಳಿಸಿಕೊಳ್ಳತಕ್ಕದ್ದು. ಗೆದ್ದಲು ತಿಂದ ಎರಡು ತಾಳುಗಳನ್ನು ಮಾತ್ರ ಬದಲಾಯಿಸತಕ್ಕದ್ದು. ಬಿದಿರನ್ನು ಕಡಿದು ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಗೆಣ್ಣುಗಳನ್ನು ಕಾದ ಸಲಾಕೆಯಿಂದ ಕೊರೆದು ಕೊಳವೆಗಳನ್ನು ಮಾಡತಕ್ಕದ್ದು; ಹಾಗೆ ನೆನೆದ ಬಿದಿರಿಗೆ ಹುಳುವಿನ ಬಾಧೆಯು ಕಡಿಮೆ. ಇಷ್ಟಾದಮೇಲೆ ಒಂದು ಆಶೆಯನ್ನು ಗೆಲ್ಲಬೇಕು: ಹೊಸ ತಾಳಿಗೆ ಮಸಿ ಬಳಿದು ಹಳೆಯದರಂತೆ ತೋರಿಸುವ ಆಶೆಯನ್ನು. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಪ್ಪಿದ ನಿಬಂಧನೆಗಳಲ್ಲಿ, ಹೊಸದಾಗಿ ಸೇರಿಸಿದ ಭಾಗವು ಹಳೆಯದರೊಡನೆ ಹೊಂದಿಕೊಂಡಿದ್ದರೂ ಬೇರೆಯೆಂದು ಗುರುತಿಸಲು ಬರುವಂತಿರಬೇಕೆಂದು ಹೇಳಿದೆ. ಕಲ್ಲಿಗೆ ಸಲ್ಲುವ ಸತ್ಯವು ಮರಕ್ಕೂ ಸಲ್ಲುವುದು. ಹಿರಿಯರ ಹೆಸರಿನಲ್ಲಿ ಸುಳ್ಳು ಹೇಳುವುದು ಹಿರಿಯರಿಗೆ ಸಲ್ಲಿಸುವ ಗೌರವವಾಗಲಾರದು.

ಟ್ರಾಕ್ಟರು ಇರುವಾಗ ಇದೆಲ್ಲ ಏಕೆಂದು ಕೆಲವರು ಕೇಳುವರು. ಟ್ರಾಕ್ಟರನ್ನು ಹಳಿಯುವುದು ನ್ಯಾಯವಲ್ಲ. ಅದು ದಣಿದ ಮೈಗಳಿಗೆ ವಿಶ್ರಾಂತಿ ಕೊಟ್ಟಿದೆ, ಅದರ ಹಿಂದಿನ ಬಿತ್ತನೆಯ ಯಂತ್ರವೂ ತಾಳು, ಕೊಳವೆ, ಅಂತರಗಳೆಂಬ ಅದೇ ಸೂತ್ರದ ಮೇಲೆಯೇ ನಡೆಯುತ್ತದೆ. ಎಲ್ಲರೂ ಎತ್ತುಗಳಿಗೆ ಮರಳಬೇಕೆಂದು ಇಲ್ಲಿಯ ತಾತ್ಪರ್ಯವಲ್ಲ. ಒಂದು ಮಡಿಯನ್ನಾದರೂ ಬಿತ್ತಬೇಕೆಂಬುದಕ್ಕೆ ಕಾರಣವು ಬೇರೆಯಿದೆ.

ಅದೇನೆಂದರೆ, ಅಣ್ಣತಮ್ಮಂದಿರು ಇಷ್ಟು ವಾದಿಸಿದರೂ ಮೂಲೆಯಲ್ಲಿ ಕುಳಿತಿರುವ ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಬಟ್ಟಲಿನ ಅಂಚನ್ನು ನುಣುಪು ಮಾಡಿದ ಕೈ ಆಕೆಯದು. ಮಡಿಲಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ನಡೆಗೆ ಸರಿಯಾಗಿ ಹೆಜ್ಜೆಯಿಡುತ್ತ, ಹಿಡಿಯಿಂದ ಕಾಳುಗಳು ನಾಲ್ಕು ಕೊಳವೆಗಳಿಗೂ ಸಮನಾಗಿ ಇಳಿಯುವಂತೆ ಬೆರಳುಗಳನ್ನು ಸಡಿಲಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ತಾಳಿನ ಬಾಯಿಗೆ ಹಸಿಮಣ್ಣು ಮೆತ್ತಿಕೊಂಡರೆ ಒಂದು ಸಾಲು ಹುಸಿಹೋಗುವುದು. ಬಿತ್ತುವವಳಿಗೆ ಅದು ಆಗಲೇ ತಿಳಿಯದಿದ್ದರೆ ಮೊಳಕೆಯೊಡೆಯುವ ದಿನ ಊರಿಗೆಲ್ಲ ತಿಳಿಯುವುದು. ದಿಂಡನ್ನು ಮುಂದಿನ ವರ್ಷ ದುರಸ್ತಿ ಮಾಡಬಹುದು, ಹತ್ತು ವರ್ಷಗಳಾದಮೇಲೂ ಮಾಡಬಹುದು. ಆ ಕೈಯು ಹತ್ತು ವರ್ಷ ಕಾಯದು.

ಆಗಮಶಾಸ್ತ್ರದಲ್ಲಿ ಜೀರ್ಣೋದ್ಧಾರಕ್ಕೆ ಒಂದು ಕ್ರಮವಿದೆ. ಬಿಂಬವನ್ನು ಮುಟ್ಟುವುದಕ್ಕೆ ಮೊದಲು ಅದರ ಕಲೆಯನ್ನು, ಎಂದರೆ ಚೈತನ್ಯವನ್ನು, ಆಕರ್ಷಿಸಿ ಕಲಶದಲ್ಲಿ ನೆಲೆಗೊಳಿಸುವರು. ಕೆಲಸವು ಮುಗಿದಮೇಲೆ ಕಲಶದಿಂದ ಬಿಂಬಕ್ಕೆ ಅದನ್ನು ಮರಳಿ ತುಂಬುವರು. ಈ ಕೂರಿಗೆಯ ಮಟ್ಟಿಗೆ ಆ ಕಲಶವು ತಾಯಿಯ ಹಿಡಿಯೇ. ಆಕೆಯು ಸೊಸೆಯನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ನಡೆಸಿಕೊಂಡು ನಾಲ್ಕು ಸಾಲು ಬಿತ್ತಿ ತೋರಿಸಿದಳೆಂದರೆ ಉದ್ಧಾರವು ಪೂರ್ಣವಾಯಿತು. ಆಮೇಲೆ ಕೂರಿಗೆಯನ್ನು ಅಣ್ಣನ ಇಷ್ಟದಂತೆ ಪಡಸಾಲೆಯಲ್ಲಿರಿಸಿದರೂ ಬಾಧಕವಿಲ್ಲ.