ಕಡಲ್ಗಳ್ಳ ಯಾರು?

ತುಮಕೂರಿನಿಂದ ಗುಬ್ಬಿ, ತಿಪಟೂರು ದಾಟಿ ಸಾಗುವ ಹೆದ್ದಾರಿ ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಮುರ್ಡೇಶ್ವರ. ಅದರ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಜನವಸತಿಯಿಲ್ಲ. ಬಯಲುಸೀಮೆಯ ನಾವು ಅಲ್ಲಿಗೆ ಹೋಗುವುದು ಸ್ನಾರ್ಕೆಲಿಂಗ್ ಮಾಡಲು, ಹವಳ ಮತ್ತು ಬಣ್ಣದ ಮೀನುಗಳನ್ನು ನೋಡಲು. ಇಂತಹ ನಿರ್ಜನ ದ್ವೀಪ ಕಂಡೊಡನೆ ಕಡಲ್ಗಳ್ಳರ ಕಥೆಗಳು ನೆನಪಾಗುತ್ತವೆ. ಆದರೆ ಕಡಲ್ಗಳ್ಳ ಎಂದರೆ ಯಾರು? ಆ ಹೆಸರಿಡುವ ಅಧಿಕಾರ ಯಾರದು?

ಹೊನ್ನಾವರದ ತಿಮ್ಮೋಜನನ್ನು ಪೋರ್ಚುಗೀಸರು ಕಡಲ್ಗಳ್ಳನೆಂದರು. 1510ರಲ್ಲಿ ಗೋವಾ ಗೆಲ್ಲಲು ಅವನು ಅಲ್ಬುಕರ್ಕ್‌ಗೆ ನೆರವಾದಾಗ ಅವನೇ ಮಿತ್ರನಾದ. ಅವರ ವಿರುದ್ಧ ಹೋರಾಡಿದ ನಾಲ್ಕನೇ ಕುಂಞಾಲಿ ಮರಕ್ಕಾರ್ ಮಾತ್ರ ಕಡಲ್ಗಳ್ಳನಾಗಿಯೇ ಉಳಿದು, 1600ರಲ್ಲಿ ಗೋವಾದಲ್ಲಿ ಶಿರಚ್ಛೇದಕ್ಕೆ ಒಳಗಾದ. ಇಂದು ಭಾರತೀಯ ನೌಕಾಪಡೆಯ ಒಂದು ನೆಲೆಗೆ ಅದೇ ಕುಂಞಾಲಿಯ ಹೆಸರಿದೆ.

ಇನ್ನು ವಾಸ್ಕೋ ಡ ಗಾಮ. 1502ರಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಮಲಬಾರ್ ಕಡಲಲ್ಲಿ ಹಿಡಿದು, ಸರಕು ದೋಚಿ, ಹೆಂಗಸರು ಮಕ್ಕಳು ಸೇರಿ ನೂರಾರು ಜನರಿದ್ದಂತೆಯೇ ಅದಕ್ಕೆ ಬೆಂಕಿ ಇಡಿಸಿದ. ಪಠ್ಯಪುಸ್ತಕದಲ್ಲಿ ಅವನು ಕಡಲ್ಗಳ್ಳನಲ್ಲ, ನಾವಿಕ! ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರಿಟ್ಟವನು ಅವನೇ ಎಂದು ಹೆಮ್ಮೆಯಿಂದ ಹೇಳಲಾಗುತ್ತದೆ. ಪೋರ್ಚುಗೀಸರ ಪರವಾನಗಿ ಇಲ್ಲದ ಹಡಗನ್ನು ದೋಚುವುದು ಅವರ ಪಾಲಿಗೆ ಕಾನೂನೇ ಆಗಿತ್ತು.

ಸಿಕ್ಕಿಬಿದ್ದ ಕಡಲ್ಗಳ್ಳನೊಬ್ಬ ಅಲೆಕ್ಸಾಂಡರನಿಗೆ ಉತ್ತರ ಕೊಟ್ಟ ಕಥೆಯನ್ನು ಸಂತ ಅಗಸ್ಟೀನ್ ಹೇಳಿದ್ದಾನೆ. ಒಂದು ದೋಣಿಯಲ್ಲಿ ದೋಚಿದವ ಕಳ್ಳ, ನೌಕಾಪಡೆಯೊಂದಿಗೆ ದೋಚಿದವ ಚಕ್ರವರ್ತಿ ಎಂಬುದು ಅದರ ತಾತ್ಪರ್ಯ.

ಹಾಗೆಂದು ಸಣ್ಣ ಕಳ್ಳನನ್ನು ವೀರನನ್ನಾಗಿ ಮಾಡಬೇಕೆ? ಖಂಡಿತ ಬೇಡ. ಸರಕು ಕಳೆದುಕೊಂಡ ವರ್ತಕನಿಗೆ ದೋಚಿದವನ ಬಾವುಟ ಯಾವುದಾದರೇನು? ನಷ್ಟ ಒಂದೇ, ಕಣ್ಣೀರೂ ಒಂದೇ. ಆದ್ದರಿಂದ ತಕ್ಕಡಿಯೂ ಒಂದೇ ಆಗಿರಬೇಕು. ಮಾಡಿದವನ ಬಲವನ್ನಲ್ಲ, ನೊಂದವನ ನೋವನ್ನು ತೂಗಬೇಕು. ನಮ್ಮವನು ಮಾಡಿದರೆ ಶೌರ್ಯ, ಪರರು ಮಾಡಿದರೆ ಕ್ರೌರ್ಯ ಎನ್ನುವುದು ನ್ಯಾಯವಲ್ಲ, ಪಕ್ಷಪಾತ.

ಇದು ಬರೀ ಕಡಲಿನ ಮಾತಲ್ಲ. ಗುಬ್ಬಿಯ ಸಂತೆಯಲ್ಲೋ ಕುಣಿಗಲ್‌ನ ಬಸ್ ನಿಲ್ದಾಣದಲ್ಲೋ ಜೇಬುಗಳ್ಳ ಸಿಕ್ಕಿಬಿದ್ದರೆ ಏಟು ಕೊಡಲು ನೂರು ಕೈಗಳು ಏಳುತ್ತವೆ. ಕೆರೆಯ ಅಂಗಳವನ್ನೇ ನುಂಗಿದವನು ಸಮಾರಂಭಕ್ಕೆ ಬಂದರೆ ಅವೇ ಕೈಗಳು ಹಾರ ಹಿಡಿಯುತ್ತವೆ. ಒಬ್ಬನ ಜೇಬು ಕತ್ತರಿಸಿದವನಿಗಿಂತ ಇಡೀ ಊರಿನ ನೀರು ಕದ್ದವನು ಹೇಗೆ ದೊಡ್ಡ ಮನುಷ್ಯನಾದ? ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ನಮ್ಮದೇ ಹಾರವಲ್ಲವೆ?