ಆಯ್ಕೆ ಯಾರದು, ಹೊಣೆ ಯಾರದು?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು: ಮುಂದೇನು ಓದಿಸುವುದು? ಈ ಸಲ ಆ ಮಾತು ಮೂಡಲಗಿಯಲ್ಲಿರುವ ನಮ್ಮ ಅಕ್ಕನ ಮನೆಗೂ ಬಂತು. ಮಗಳು ಬಿ.ಎ. ಸೇರಿ ಇತಿಹಾಸ ಓದುತ್ತೇನೆಂದಳು. ನಮ್ಮ ಭಾವ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟರು.

"ಇತಿಹಾಸ ಓದಿ ಹೊಟ್ಟಿ ತುಂಬತೈತೇನು ಬೇಟಿ? ಬಿಕಾಂ ಮಾಡಿದ್ರ ಸೊಸೈಟ್ಯಾಗರ ಬ್ಯಾಂಕಿನ್ಯಾಗರ ಒಂದ್ ಕೆಲಸ ಸಿಗತೈತಿ."

ಈ ಮಾತನ್ನು ಕೇಳಿ ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಭಯಕ್ಕೆ ಕಾರಣವಿದೆ. ಗೋಕಾಕದಲ್ಲಿ ಅವರದೊಂದು ಹೊಲಿಗೆ ಅಂಗಡಿಯಿತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದಾಗ ಯಂತ್ರಗಳೂ ಗಿರಾಕಿಗಳ ಬಟ್ಟೆಗಳೂ ನೀರುಪಾಲಾದವು. ಒಂದೇ ರಾತ್ರಿಯಲ್ಲಿ ಬದುಕು ಕಳೆದುಕೊಂಡ ಮನುಷ್ಯ ಮಗಳಿಗೆ ತಿಂಗಳ ಸಂಬಳದ ದಾರಿ ಹುಡುಕಿದರೆ ತಪ್ಪೇನು?

ಹುಡುಗಿಯ ಆಸೆಗೂ ಕಾರಣವಿದೆ. ಶಾಲೆಯಲ್ಲಿದ್ದಾಗ ಅವಳು ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನು ನೋಡಿಬಂದಿದ್ದಳು. ಇವು ಯಾರ ಗೋರಿಗಳು, ಕಲ್ಲು ಎಲ್ಲಿಂದ ತಂದರು, ಕೂಲಿ ಯಾರು ಕೊಟ್ಟರು ಎಂದು ಕೇಳಿದಾಗ ಜೊತೆಯಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದಿಲಶಾಹಿ ಕಾಲದ ಅನೇಕ ದಾಖಲೆಗಳು ಫಾರ್ಸಿಯಲ್ಲಿವೆ. ಉರ್ದು ಕಲಿತ ಮಗುವಿಗೆ ಆ ಲಿಪಿ ಅಪರಿಚಿತವಲ್ಲ. ಕನ್ನಡ ಬಲ್ಲ ಮಗುವಿಗೆ ಈ ಊರುಗಳ ಜನರ ಮಾತು ಅಪರಿಚಿತವಲ್ಲ. ಎರಡನ್ನೂ ಬಲ್ಲವಳು ಅಂಥ ಪ್ರಶ್ನೆ ಕೇಳಿದರೆ ಅದನ್ನು ಹುಡುಗಾಟವೆನ್ನಲು ನಮಗೆ ಮನಸ್ಸಾಗಲಿಲ್ಲ.

ಹಾಗಾದರೆ ಆಯ್ಕೆಯನ್ನು ಅವಳಿಗೇ ಬಿಟ್ಟುಬಿಡೋಣ ಎನ್ನಬಹುದು. ಆದರೆ ಸಣ್ಣ ಊರಿನಲ್ಲಿ ಆಯ್ಕೆಯೆಂಬುದು ಎಷ್ಟರಮಟ್ಟಿಗೆ ವಿದ್ಯಾರ್ಥಿಯ ಕೈಯಲ್ಲಿದೆ? ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಕಲೆಯ ಜೊತೆ ವಿಜ್ಞಾನ, ವಾಣಿಜ್ಯದ ಜೊತೆ ಸಂಗೀತ, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದರು. 2024-25ರಿಂದ ಮತ್ತೆ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿದರು. ನೀತಿ ಯಾವುದೇ ಇರಲಿ, ಸಣ್ಣ ಕಾಲೇಜಿನಲ್ಲಿ ಪಾಠ ಹೇಳುವವರಿರುವ ವಿಷಯವಷ್ಟೇ ನಿಜವಾದ ಆಯ್ಕೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದಾಯಿತು, ದೂರದ ಕಾಲೇಜು ಸ್ವಲ್ಪ ಹತ್ತಿರವಾಯಿತು. ಆದರೂ ಕೊನೆಯ ತರಗತಿ ಮುಗಿದ ಮೇಲೆ ಊರಿಗೆ ಬಸ್ಸಿದೆಯೇ ಎಂಬುದನ್ನು ನೋಡಿಯೇ ಎಷ್ಟೋ ಮನೆಗಳಲ್ಲಿ ವಿಷಯ ನಿಶ್ಚಯವಾಗುತ್ತದೆ.

ನಾವೂ ಈ ದಾರಿಯಲ್ಲಿ ಬಂದವರೇ. ತೊಂಬತ್ತರ ದಶಕದ ಕೊನೆಯಲ್ಲಿ ಪದವಿಗೆ ಸೇರುವಾಗ ಉರ್ದುವನ್ನು ಐಚ್ಛಿಕ ವಿಷಯವಾಗಿ ಓದುವ ಆಸೆಯಿತ್ತು. ಬಂದ ಅರ್ಜಿಗಳು ಐದಾರು ಮಾತ್ರ, ತರಗತಿ ನಡೆಯದೆಂದರು. ಅರ್ಥಶಾಸ್ತ್ರದ ಬೆಂಚಿನಲ್ಲಿ ಹೋಗಿ ಕುಳಿತೆವು. ಮುಂದೆ ಕೆಲಸಕ್ಕಾಗಿ ಅಲೆಯುವಾಗ ಬಂಧುಗಳು ಕೇಳಿದ್ದು, "ಈ ವಿಷಯ ಯಾಕೆ ತಗೊಂಡಿ?" ಎಂದು. ನಾವು ಆರಿಸದ ವಿಷಯಕ್ಕೆ ನಾವೇ ಉತ್ತರ ಹೇಳಬೇಕಾಗಿತ್ತು. ಆಗಿನ ನೋವು ವಿಷಯ ಸಿಗದ್ದಕ್ಕಿಂತ ಈ ಪ್ರಶ್ನೆಯದೇ ಹೆಚ್ಚು.

ಹಾಗೆಂದು ಹಿರಿಯರು ಆರಿಸಿದ್ದೆಲ್ಲ ದಬ್ಬಾಳಿಕೆಯೇ? ಅಲ್ಲ. ಉರ್ದು ಪರಿಸರದ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿದರು, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಆ ವಯಸ್ಸಿನಲ್ಲಿ ಶಾಲೆಯನ್ನು ಮಗು ಆರಿಸುವುದಿಲ್ಲ, ದೊಡ್ಡವರು ಆರಿಸುತ್ತಾರೆ. ಆದರೆ ಆ ಭಾಷೆಯಲ್ಲಿ ಏನು ಬರೆಯಬೇಕೆಂಬುದನ್ನು ಮುಂದೆ ಅವರೇ ಆರಿಸಿಕೊಂಡರು. ಆ ಕನ್ನಡದ ಕಥೆಗಳೇ ಇಂಗ್ಲಿಷಿಗೆ ಹೋಗಿ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಹಿರಿಯರ ಆಯ್ಕೆ ಹೀಗೂ ಇರಬಹುದು: ಒಂದು ಬಾಗಿಲು ತೆರೆದು, ಮುಂದಿನ ಬಾಗಿಲುಗಳ ಬೀಗದ ಕೈಯನ್ನು ಮಗುವಿನ ಕೈಗೇ ಕೊಡುವುದು.

ಆದ್ದರಿಂದ ಆರಿಸುವವರು ಯಾರೆಂಬುದಕ್ಕಿಂತ ಆರಿಸಿದವರು ಫಲವನ್ನು ಹಂಚಿಕೊಳ್ಳುತ್ತಾರೆಯೇ ಎಂಬುದು ನಮಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಮಗಳ ಕೈಯಿಂದ ಪುಸ್ತಕ ಕಸಿದುಕೊಂಡು ಬೇರೊಂದು ಕೊಟ್ಟವನು, ನಾಳೆ ಅದು ಫಲಿಸದಿದ್ದರೆ ಅವಳನ್ನು ದೂರುವುದು ಅನ್ಯಾಯ. ಸ್ವಂತ ಇಚ್ಛೆಯಿಂದ ಆರಿಸಿದವಳು ಕಷ್ಟ ಬಂದಾಗ ಮನೆಯವರನ್ನು ದೂರುವುದೂ ಅಷ್ಟೇ ಅನ್ಯಾಯ. ನಡುವೆ ನಿಂತು ಬುದ್ಧಿ ಹೇಳುವ ನಮ್ಮಂಥವರಿಗೂ ಇಲ್ಲಿ ಬಿಡುಗಡೆಯಿಲ್ಲ. ಇತಿಹಾಸ ಓದಮ್ಮಾ ಎಂದು ಬೆನ್ನು ತಟ್ಟಿ ಬಸ್ಸು ಹತ್ತಿ ಮನೆಗೆ ಹೋಗುವುದು ಸುಲಭ. ನಾಳೆ ಅವಳು ಎಂ.ಎ.ಗೆ ಹೊರಟಾಗ ಶುಲ್ಕಕ್ಕೆ, ಫಾರ್ಸಿ ಕಲಿಯಲು ಗುರುವನ್ನು ಹುಡುಕುವುದಕ್ಕೆ ಯಾರಿದ್ದಾರೆ?

ಭಾವನಿಗೆ ಹೇಳಿದೆವು: "ನೀವು ಬಿಕಾಂ ಅಂದರೆ ಅವಳು ಬಿಕಾಂ ಓದುತ್ತಾಳೆ. ಆದರೆ ಕೆಲಸ ಸಿಗದ ದಿನ 'ನೀ ಓದಿದ್ದು' ಅನ್ನಬೇಡಿ, 'ನಾವು ಓದಿಸಿದ್ದು' ಅನ್ನಿ. ಅವಳು ಇತಿಹಾಸ ಓದಿದರೆ ಅರ್ಧ ಭಾರ ನಮ್ಮದು." ಹುಡುಗಿಯ ಕಡೆ ತಿರುಗಿ, "ಉಳಿದರ್ಧ ನಿನ್ನದು" ಎಂದೆವು.

ಅವಳು ತಲೆಯಾಡಿಸಿದಳು. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಆರಿಹೋಗಿತ್ತು. ಕೊನೆಗೆ ಕೇಳಿದರು:

"ಅರ್ಜಿಗೆ ಕಡೇ ದಿನ ಯಾವತ್ತು?"